ಫಾರ್ಮಸಿ ಕೌನ್ಸಿಲ್ ಪಾಸು ಮಾಡಿದ ನಿಯಮ ನಮ್ಮ ಅಂಗಡಿಗೆ ಯಾವಾಗಿನಿಂದ ಅನ್ವಯಿಸುತ್ತೆ?

ಹಾಸನದಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ನೀವು, ಭಾರತೀಯ ಫಾರ್ಮಸಿ ಕೌನ್ಸಿಲ್ ಹೊಸ ನಿಯಮ ಪಾಸು ಮಾಡಿದೆ ಅನ್ನುವ ಪಿಡಿಎಫ್ ವಾಟ್ಸಾಪ್‌ನಲ್ಲಿ ಬಂದಿದೆ, ಇವತ್ತಿನಿಂದಲೇ ಪಾಲಿಸಬೇಕಾ ಎಂದು ಕೇಳಿದ್ದೀರಿ. ಕೌನ್ಸಿಲ್ ಪಾಸು ಮಾಡಿದ ಮಾತ್ರಕ್ಕೆ ಅದು ನಿಯಮ ಆಗುವುದಿಲ್ಲ. 1948ರ ಫಾರ್ಮಸಿ ಕಾಯ್ದೆಯ 10 ಮತ್ತು 18ನೇ ಸೆಕ್ಷನ್ ಪ್ರಕಾರ ಅದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಆಮೇಲೆ ಗೆಜೆಟ್‌ನಲ್ಲಿ, ಅಂದರೆ ಸರ್ಕಾರದ ಅಧಿಕೃತ ರಾಜಪತ್ರದಲ್ಲಿ, ಪ್ರಕಟ ಆಗಬೇಕು. ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಓದಿನ ಅರ್ಹತೆ, ಸಿಲಬಸ್, ತರಬೇತಿಯಂಥ ವಿಷಯವಾದರೆ ಕರಡನ್ನು ಮೊದಲು ಎಲ್ಲ ರಾಜ್ಯ ಸರ್ಕಾರಗಳಿಗೂ ಕಳಿಸಿ, ಮೂರು ತಿಂಗಳೊಳಗೆ ಬಂದ ಅಭಿಪ್ರಾಯ ನೋಡಿದ ಮೇಲೇ ಕೇಂದ್ರದ ಮುಂದಿಡಬೇಕು. ಹೀಗಾಗಿ ನಿರ್ಣಯಕ್ಕೂ ಗೆಜೆಟ್‌ಗೂ ನಡುವೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇಂಥ ಪಿಡಿಎಫ್‌ಗಳು ಓಡಾಡುವುದೂ ಆ ಹೊತ್ತಿನಲ್ಲೇ.

ಪಿಡಿಎಫ್ ತೆರೆದು ಪೀಠಿಕೆ ಓದಿ. 'ವಿತ್ ದಿ ಅಪ್ರೂವಲ್ ಆಫ್ ದಿ ಸೆಂಟ್ರಲ್ ಗವರ್ನಮೆಂಟ್' ಅನ್ನುವ ಸಾಲು ಇದೆಯಾ? ಮೊದಲ ಪುಟದ ಮೇಲ್ಗಡೆ ಭಾರತದ ರಾಜಪತ್ರ, ಭಾಗ 3, ಸೆಕ್ಷನ್ 4 ಎಂದಿದೆಯಾ? ಈಚಿನ ಗೆಜೆಟ್‌ಗಳಲ್ಲಿ 'ಸಿಜಿ-ಡಿಎಲ್-ಇ' ಎಂದು ಶುರುವಾಗಿ ತಾರೀಖು ಸೇರಿರುವ ಐಡಿ ಇರುತ್ತದೆ. ಅದನ್ನು ಇ-ಗೆಜೆಟ್ ವೆಬ್‌ಸೈಟಿನಲ್ಲಿ ಹಾಕಿ ಹುಡುಕಿ, ಅಲ್ಲಿಂದ ಇಳಿಸಿಕೊಂಡ ಪ್ರತಿಯನ್ನೇ ನಂಬಿ. ಜಾರಿ ದಿನಾಂಕ ಸಾಮಾನ್ಯವಾಗಿ ಒಂದನೇ ನಿಯಮದಲ್ಲೇ ಇರುತ್ತದೆ. ಆಕ್ಷೇಪಣೆ, ಸಲಹೆ ಕಳಿಸಿ ಎಂದಿದ್ದರೆ ಅದು ಬರೀ ಕರಡು. ನಿಮಗೆ ತೊಂದರೆ ಇದ್ದರೆ ಆಗಲೇ ಬರೆದು ಕಳಿಸಿ.

ಒಪ್ಪಿಗೆ ಇಲ್ಲದ ನಿರ್ಣಯಕ್ಕೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಕೇಸಿದೆ. ಹೊಸ ಫಾರ್ಮಸಿ ಕಾಲೇಜುಗಳಿಗೆ ಐದು ವರ್ಷ ತಡೆ ಎಂದು ಕೌನ್ಸಿಲ್ 2019ರ ಜುಲೈನಲ್ಲಿ ನಿರ್ಣಯ ಮಾಡಿತ್ತು. ರಾಜೀವ್ ಕಾಲೇಜ್ ಆಫ್ ಫಾರ್ಮಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಇದು ನಿಲ್ಲುವುದಿಲ್ಲ ಎಂದಿತು. ಕಾಲೇಜು ತೆರೆಯುವುದು ಸಂವಿಧಾನದ 19(1)(ಜಿ) ವಿಧಿ ಕೊಡುವ ಉದ್ಯೋಗ, ವ್ಯವಹಾರದ ಹಕ್ಕು, ಅದಕ್ಕೆ ಮಿತಿ ಹಾಕುವುದಿದ್ದರೆ ಕಾನೂನಿನ ಮೂಲಕ ಹಾಕಬೇಕು, ಕಾರ್ಯಾಂಗದ ಸೂಚನೆಯಿಂದ ಆಗದು ಅನ್ನುವುದು ತೀರ್ಪಿನ ಸಾರ. ಕಾಲೇಜುಗಳು ನಾಯಿಕೊಡೆಗಳ ಹಾಗೆ ಏಳುವುದನ್ನು ತಡೆಯುವ ಅಗತ್ಯವನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ತಪ್ಪಿದ್ದು ದಾರಿ. ಈ ತೀರ್ಪನ್ನು ಅಂಗಡಿಯವರೂ ಓದಬೇಕು ಅನ್ನುವುದು ನನ್ನ ಅಭಿಪ್ರಾಯ.

ನೋಂದಣಿ, ನವೀಕರಣದ ಶುಲ್ಕದ ದಾರಿ ಬೇರೆ. ಅದರ ನಿಯಮ ಮಾಡುವ ಅಧಿಕಾರ 46ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ್ದು, ಹುಡುಕಬೇಕಾದ್ದು ಕರ್ನಾಟಕ ರಾಜ್ಯಪತ್ರದಲ್ಲಿ. ಡ್ರಗ್ ಇನ್‌ಸ್ಪೆಕ್ಟರ್ ನೋಡುವ ಲೈಸೆನ್ಸ್ ಷರತ್ತುಗಳು ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯವು. ಫಾರ್ಮಸಿ ಕಾಯ್ದೆಯ ನಿಯಮಗಳ ಜೊತೆ ಅವನ್ನು ಬೆರೆಸಬೇಡಿ.

ಗೆಜೆಟ್ ಸಿಗದಿದ್ದರೆ 10 ರೂಪಾಯಿ ಕಟ್ಟಿ ಕೌನ್ಸಿಲ್‌ಗೆ ಆರ್‌ಟಿಐ ಅರ್ಜಿ ಹಾಕಿ, ಉತ್ತರಕ್ಕೆ 30 ದಿನ. 'ನಿಯಮ ಜಾರಿಯಲ್ಲಿದೆಯೇ' ಎಂದು ಕೇಳಿದರೆ ಜಾರಿಕೊಳ್ಳುವ ಉತ್ತರ ಬರಬಹುದು. ಕೇಂದ್ರದ ಅನುಮೋದನೆ ಪತ್ರದ ಪ್ರತಿ, ಗೆಜೆಟ್ ಸಂಖ್ಯೆ ಮತ್ತು ದಿನಾಂಕ ಕೊಡಿ ಎಂದು ದಾಖಲೆಯನ್ನೇ ಕೇಳಿ.

ಹಾಗೆಂದು ಎಲ್ಲವನ್ನೂ ಕರಡು ಅಂದುಕೊಂಡು ಕೂರಬೇಡಿ. ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಕೇಂದ್ರದ ಒಪ್ಪಿಗೆ ಪಡೆದು 2015ರ ಜನವರಿಯಲ್ಲೇ ಗೆಜೆಟ್ ಆಗಿದೆ. ಹೆಸರು, ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಹಾಕಿದ ಬಿಳಿ ಕೋಟು, ಐದು ವರ್ಷ ಪ್ರಿಸ್ಕ್ರಿಪ್ಷನ್ ದಾಖಲೆ ಇಡುವುದು ಅದರಲ್ಲೇ ಇದೆ. ಬ್ಯಾಡ್ಜ್ ಇನ್ನೂ ಮಾಡಿಸದಿದ್ದರೆ ಈ ವಾರವೇ ಮಾಡಿಸಿ.