ಐದು ಕೆಜಿ ಗ್ಯಾಸ್ ಸಿಲಿಂಡರ್: ಅಂಗಡಿಯಲ್ಲಿ ತುಂಬಿಸುವುದಾ, ಏಜೆನ್ಸಿಯಲ್ಲಿ ಬದಲಾಯಿಸುವುದಾ?

ಮೈಸೂರಿನಲ್ಲಿ ರೂಮ್ ಮಾಡಿಕೊಂಡು ಅಡುಗೆ ಮಾಡುವವರಿಗೆ ಯಾವುದು ವಾಸಿ ಅಂತ ಕೇಳಿದ್ದೀರಿ. ಯೋಚನೆಯೇ ಬೇಡ, ಬದಲಾಯಿಸಿಕೊಳ್ಳಿ.

ಸರಸ್ವತಿಪುರಂನಲ್ಲಿ ಓದುತ್ತಿದ್ದಾಗ ನಾನೂ ಅಂಗಡಿಯಲ್ಲಿ ತುಂಬಿಸುತ್ತಿದ್ದೆ. ಅಂಗಡಿಯವರು ಮನೆಗೆ ಬರುವ 14.2 ಕೆಜಿ ಸಿಲಿಂಡರನ್ನು ತಲೆಕೆಳಗೆ ನಿಲ್ಲಿಸಿ, ಪೈಪ್ ಸಿಕ್ಕಿಸಿ ಚಿಕ್ಕದಕ್ಕೆ ಇಳಿಸುತ್ತಿದ್ದರು. ಬುಸ್ ಅನ್ನುವ ಸದ್ದು, ಅಂಗಡಿ ತುಂಬಾ ವಾಸನೆ. ಪಕ್ಕದಲ್ಲೇ ಟೀ ಸ್ಟೌವ್ ಉರಿಯುತ್ತಿತ್ತು! ಹೀಗೆ ತುಂಬಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸಿಲಿಂಡರನ್ನು ಯಾವತ್ತೂ ಪೂರ್ತಿ ತುಂಬಿಸಬಾರದು. ಬಿಸಿಯಾದಾಗ ಒಳಗಿನ ದ್ರವ ಹಿಗ್ಗುತ್ತದೆ, ಅದಕ್ಕೆ ಜಾಗ ಬಿಡಬೇಕು. ಅಂದಾಜಿನಲ್ಲಿ ತುಂಬುವವರಿಗೆ ಆ ಲೆಕ್ಕ ಎಲ್ಲಿಂದ ಬರಬೇಕು?

ಏಜೆನ್ಸಿಯಲ್ಲಿ ಖಾಲಿ ಕೊಟ್ಟು ತುಂಬಿದ್ದು ತರುತ್ತೀರಿ. ಅದು ಗ್ಯಾಸ್ ತುಂಬುವ ಬಾಟ್ಲಿಂಗ್ ಪ್ಲಾಂಟಿನಲ್ಲಿ ತೂಕ ಹಾಕಿ, ಲೀಕ್ ನೋಡಿ ಬಂದಿರುತ್ತದೆ. ಐದು ಕೆಜಿಯದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ದರ ಸ್ವಲ್ಪ ಜಾಸ್ತಿ, ನಿಜ.

ತರುವಾಗ ಎರಡು ನೋಡಿ. ಮೇಲಿನ ಪಟ್ಟಿಯ ಒಳಮೈಯಲ್ಲಿ 'ಬಿ 28' ಥರ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ. ಅಂದರೆ ಈ ಸಿಲಿಂಡರಿನ ಮುಂದಿನ ಸುರಕ್ಷತಾ ಪರೀಕ್ಷೆ 2028ರ ಜೂನ್ ಒಳಗೆ ಆಗಬೇಕು. ಆ ಗಡುವು ದಾಟಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡಿ. ಇನ್ನು ತೂಕ: ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕಕ್ಕೆ ಐದು ಸೇರಿಸಿ, ತಕ್ಕಡಿಗೆ ಇಡಿಸಿ. ಸುಮ್ನೆ ಅಲ್ಲಾಡಿಸಿ ನೋಡಿದರೆ ಏನೂ ಗೊತ್ತಾಗಲ್ಲ.