ಬೋಸಾನ್ ಹೆಸರಿನ ಹಿಂದಿನ ಬೋಸ್

ಹಾಸನದ ಓದುಗರೊಬ್ಬರ ಪತ್ರ: ‘ಬೋಸಾನ್ ಕಣ ಕಂಡುಹಿಡಿದವರು ನಮ್ಮ ಸತ್ಯೇಂದ್ರನಾಥ ಬೋಸ್ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹಾಗಿದ್ದರೆ ಪೇಪರಿನಲ್ಲಿ ಬರುವ ಹಿಗ್ಸ್ ಬೋಸಾನ್‌ನ ಹಿಗ್ಸ್ ಯಾರು? ಬೋಸರಿಗೆ ನೊಬೆಲ್ ಯಾಕೆ ಬರಲಿಲ್ಲ?’

ಸಂಪಾದಕರ ಉತ್ತರ: ಹೆಸರು ಬೋಸರದ್ದೇ, ಅನುಮಾನ ಬೇಡ. ಆದರೆ ಅವರು ಯಾವ ಕಣವನ್ನೂ ಕಂಡುಹಿಡಿಯಲಿಲ್ಲ. ಬೋಸಾನ್ ಅನ್ನುವುದು ಕಣಗಳ ಒಂದು ಪಂಗಡದ ಹೆಸರು. ಬೆಳಕಿನ ಕಣ ಫೋಟಾನ್ ಇದಕ್ಕೆ ಸೇರಿದ್ದು, ಹಿಗ್ಸ್ ಕಣವೂ ಅಷ್ಟೇ. ಎಲೆಕ್ಟ್ರಾನ್, ಪ್ರೋಟಾನ್‌ಗಳದ್ದು ಇನ್ನೊಂದು ಪಂಗಡ, ಫರ್ಮಿಯಾನ್. ಅದಕ್ಕೆ ಇಟಲಿಯ ಎನ್ರಿಕೊ ಫರ್ಮಿಯ ಹೆಸರು. ಎರಡೂ ಹೆಸರಿಟ್ಟವರು ಇಂಗ್ಲೆಂಡಿನ ಪಾಲ್ ಡಿರಾಕ್, 1945ರಲ್ಲಿ. ಕೊನೆಯ ‘ಆನ್’ ಎಲೆಕ್ಟ್ರಾನ್‌ನಿಂದ ಬಂದ ಬಾಲ. ಫರ್ಮಿಯಾನ್‌ಗಳ ಲೆಕ್ಕದಲ್ಲಿ ಡಿರಾಕ್ ಪಾಲೂ ಇತ್ತು. ಆದರೂ ತಮ್ಮ ಹೆಸರನ್ನು ಹೊರಗಿಟ್ಟರು. ದೊಡ್ಡ ಮನಸ್ಸು, ಅಲ್ವಾ?

ಬೋಸ್ ಬದಲಿಸಿದ್ದು ಎಣಿಸುವ ರೀತಿಯನ್ನು. 1924ರಲ್ಲಿ ಅವರು ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್. ಕಾದ ವಸ್ತು ಸೂಸುವ ಬೆಳಕಿಗೆ ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ 1900ರಲ್ಲೇ ಸೂತ್ರ ಕೊಟ್ಟಿದ್ದರು. ಸೂತ್ರ ಸರಿಯಿತ್ತು, ಅದಕ್ಕೆ ಕೊಡುತ್ತಿದ್ದ ಕಾರಣ ಅರ್ಧ ಹಳೆಯ ಭೌತಶಾಸ್ತ್ರ, ಅರ್ಧ ಹೊಸದು. ಬೋಸರಿಗೆ ಅದು ಒಪ್ಪಿಗೆಯಾಗಲಿಲ್ಲ.

ಎರಡು ನಾಣ್ಯ ಚಿಮ್ಮಿ ನೋಡಿ. ಎರಡೂ ಹೆಡ್ ಬೀಳಬಹುದು, ಎರಡೂ ಟೇಲ್ ಬೀಳಬಹುದು. ಒಂದು ಹೆಡ್, ಒಂದು ಟೇಲ್ ಬೀಳುವುದು ಎರಡು ರೀತಿಯಲ್ಲಿ: ಮೊದಲನೆಯದು ಹೆಡ್ ಆಗಬಹುದು, ಇಲ್ಲವೇ ಎರಡನೆಯದು. ಹಾಗಾಗಿ ಅದರ ಸಾಧ್ಯತೆ ಅರ್ಧ. ಆದರೆ ಫೋಟಾನ್‌ಗಳಲ್ಲಿ ಇದು ಮೊದಲನೆಯದು, ಅದು ಎರಡನೆಯದು ಅಂತ ಗುರುತಿಸುವುದಕ್ಕೇ ಆಗುವುದಿಲ್ಲ. ನಮ್ಮ ಕಣ್ಣು ಸಾಲದು ಅಂತಲ್ಲ, ಆ ವ್ಯತ್ಯಾಸವೇ ಇಲ್ಲ. ಆಗ ಉಳಿಯುವುದು ಮೂರೇ ಸಾಧ್ಯತೆ, ಒಂದೊಂದಕ್ಕೂ ಮೂರನೇ ಒಂದು ಪಾಲು. ಎರಡೂ ಒಂದೇ ತರಹ ಬೀಳುವ ಸಾಧ್ಯತೆ ಅರ್ಧದಿಂದ ಮೂರನೇ ಎರಡಕ್ಕೆ ಏರಿತು! ಅಂದರೆ ಬೋಸಾನ್‌ಗಳಿಗೆ ಒಂದೇ ಸ್ಥಿತಿಯಲ್ಲಿ (ನಾಣ್ಯದ ಹೆಡ್, ಟೇಲ್ ಇದ್ದ ಹಾಗೆ) ಗುಂಪುಗೂಡುವ ಒಲವು ಜಾಸ್ತಿ. ಲೇಸರ್ ಬೆಳಕು ಈ ಗುಣದಿಂದಲೇ. ಫರ್ಮಿಯಾನ್‌ಗಳಾದರೋ, ಒಂದು ಸ್ಥಿತಿಯಲ್ಲಿ ಒಂದೇ.

ಹೀಗೆ ಎಣಿಸಿದರೆ ಪ್ಲಾಂಕ್ ಸೂತ್ರ ತಾನಾಗಿ ಬರುತ್ತದೆ. 1924ರ ಜೂನ್ 4ರಂದು ಬೋಸ್ ಲೇಖನವನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಅಷ್ಟಕ್ಕೆ ಬಿಡದೆ ಆ ಎಣಿಕೆಯನ್ನು ಪರಮಾಣುಗಳಿಗೂ ಹೊಂದಿಸಿ, ತುಂಬಾ ತಣ್ಣಗಾದಾಗ ಅವು ಒಂದೇ ಸ್ಥಿತಿಗೆ ಇಳಿಯುತ್ತವೆ ಎಂದರು. ಅಮೆರಿಕದ ಬೌಲ್ಡರ್‌ನಲ್ಲಿ ರುಬಿಡಿಯಂ ಪರಮಾಣುಗಳಲ್ಲಿ ಅದು ಕಂಡದ್ದು 1995ರಲ್ಲಿ. 2001ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಬೋಸ್ 1974ರಲ್ಲೇ ತೀರಿಕೊಂಡಿದ್ದರು. ಬದುಕಿದ್ದಾಗ ಅವರ ಹೆಸರು ನೊಬೆಲ್‌ಗೆ ಸೂಚನೆಯಾದದ್ದುಂಟು, ಸಿಗಲಿಲ್ಲ. ಸಿಗಬೇಕಿತ್ತು ಅನ್ನುವವರ ಪೈಕಿ ನಾನೂ ಒಬ್ಬ.

ಇನ್ನು ಹಿಗ್ಸ್. ಬ್ರಿಟನ್ನಿನ ಪೀಟರ್ ಹಿಗ್ಸ್ 1964ರಲ್ಲಿ ಇಂಥದ್ದೊಂದು ಕಣ ಇರಬೇಕು ಎಂದರು. 2012ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕಿತು. ಮರುವರ್ಷ ಬೆಲ್ಜಿಯಂನ ಫ್ರಾಂಸ್ವಾ ಆಂಗ್ಲೇರ್ ಜೊತೆ ಅವರಿಗೆ ನೊಬೆಲ್. ಹಾಗಾಗಿ ಹಿಗ್ಸ್ ಬೋಸಾನ್‌ನಲ್ಲಿ ಹಿಗ್ಸ್ ಕಣದ ಹೆಸರು, ಬೋಸಾನ್ ಪಂಗಡದ ಹೆಸರು.