ಮೊದಲು ಹೊಳೆಯ ಹೆಸರು ಹೇಳಿ

ಪ್ರಶ್ನೆ: ಶೃಂಗೇರಿಯಿಂದ ಕೆಳಗೆ ತುಂಗೆಗೆ ಗಾಳ ಹಾಕಿದ್ದೆ. ಬೆರಳುದ್ದದ ಮೀನು ಸಿಕ್ಕಿತು. ಮೈತುಂಬ ಸಣ್ಣ ಸಣ್ಣ ಪಟ್ಟೆ. ಹಿಡಿದಾಗ ಕೆನ್ನೆಯ ಹತ್ತಿರದಿಂದ ಏನೋ ಚುಚ್ಚಿತು. ಹಾವಿನ ಜಾತಿ, ವಿಷ ಅಂತಾರೆ. ಹೌದಾ ಸರ್? (ಕೊಪ್ಪ)

ಉತ್ತರ: ಹಾವಿಗೂ ಇದಕ್ಕೂ ಸಂಬಂಧವೇ ಇಲ್ಲ. ಎಷ್ಟು ಸಲ ಬರೆದರೂ ಈ ಮಾತು ನಿಲ್ಲುತ್ತಿಲ್ಲ.

ಇದು ಬೋಟಿಯಾ ಸ್ಟ್ರಿಯಾಟಾ (ವಿಜ್ಞಾನದ ಹೆಸರು) ಇರಬೇಕು. ಅಕ್ವೇರಿಯಂ ಅಂಗಡಿಯವರು ಜೀಬ್ರಾ ಲೋಚ್ ಅನ್ನುತ್ತಾರೆ. ಚುಚ್ಚಿದ್ದು ಕಣ್ಣಿನ ಕೆಳಗಿನ ಮುಳ್ಳು. ಸುಮ್ನೆ ಇದ್ದಾಗ ಮಡಚಿಕೊಂಡಿರುತ್ತದೆ, ಹೆದರಿದರೆ ಎದ್ದು ನಿಲ್ಲುತ್ತದೆ. ಬಲೆಗೆ ಸಿಕ್ಕಿಕೊಳ್ಳುವುದೂ ಅದೇ. ಆಗ ಎಳೆಯಬೇಡಿ, ನೂಲು ಕತ್ತರಿಸಿ. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಇದಕ್ಕೆ ಹೆಸರಿಟ್ಟರು. ಅವರು ನೋಡಿ ಹೆಸರಿಟ್ಟ ಮೀನೂ ಇದೇ ತುಂಗೆಯದು, ತೀರ್ಥಹಳ್ಳಿಯದು. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ದಯವಿಟ್ಟು ಬಿಟ್ಟುಬಿಡಿ.

ನೀವು ಹೊಳೆಯ ಹೆಸರು ಬರೆದಿರಿ, ಅದಕ್ಕೇ ಇಷ್ಟು ಹೇಳಲು ಆಯಿತು. ಜಾಸ್ತಿ ಜನ ಮಸಾಲೆ ಹಚ್ಚಿದ ಮೀನಿನ ಫೋಟೊ ಕಳಿಸಿ 'ಇದ್ಯಾವುದು' ಅಂತ ಕೇಳುತ್ತಾರೆ. ತುಂಗೆ, ಭದ್ರೆಯ ನೀರು ಕೃಷ್ಣೆಗೆ ಹೋಗುತ್ತದೆ. ಹೇಮಾವತಿ, ಯಗಚಿಯದು ಕಾವೇರಿಗೆ. ಸಕಲೇಶಪುರದ ಆಚೆ ಕೆಂಪುಹೊಳೆ ಪಡುವಣ ಕಡಲಿನ ಕಡೆ ಇಳಿಯುತ್ತದೆ. ಗುಡ್ಡದ ಈಚೆ ಇರುವ ಸಣ್ಣ ಮೀನು ಆಚೆ ಇಲ್ಲದಿರಬಹುದು. ಹೊಳೆ ಗೊತ್ತಿಲ್ಲದೆ ಹೆಸರು ಹೇಳುವವರನ್ನು ನಂಬಬೇಡಿ.

ಬಣ್ಣವನ್ನೂ ನಂಬಬೇಡಿ, ಸತ್ತ ಮೇಲೆ ಮಾಸುತ್ತದೆ. ಜೀವ ಇರುವಾಗಲೇ ಹೊಳೆ ನೀರು ತುಂಬಿದ ಗಾಜಿನ ಬಾಟಲಿಗೆ ಹಾಕಿ. ಪಕ್ಕದಿಂದ ಒಂದು ಫೋಟೊ, ಬಾಯಿ ಕಾಣುವಂತೆ ಕೆಳಗಿನಿಂದ ಒಂದು. ಜೊತೆಗೊಂದು ಸ್ಕೇಲ್ ಇಡಿ. ಬಾಯಿ ಮುಂದಿದೆಯಾ, ಹೊಟ್ಟೆಯ ಕಡೆಗಿದೆಯಾ? ಮೀಸೆ ಎಷ್ಟು? ಬೆನ್ನಿನ ಮೇಲೆ, ಬಾಲದ ಹತ್ತಿರ, ಕಡ್ಡಿಯಿಲ್ಲದ ಮೆತ್ತನೆ ರೆಕ್ಕೆ ಇದೆಯಾ? ನನಗೆ ಬೇಕಾದ್ದು ಇಷ್ಟೇ. ಆಮೇಲೆ ಹಿಡಿದ ಜಾಗದಲ್ಲೇ ಬಿಡಿ.

ವಿಷಕ್ಕೆ ಹೆದರುವುದಾದರೆ ಚೇಳುಮೀನಿಗೆ ಹೆದರಿ. ಅದರ ಪಕ್ಕದ ಮುಳ್ಳಿನಲ್ಲಿ ನಿಜಕ್ಕೂ ವಿಷ ಇದೆ. ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ ಕೈ ಅದ್ದಿ, ಆಸ್ಪತ್ರೆಗೆ ಹೋಗಿ. ಮಂತ್ರ ಹಾಕಿಸುತ್ತಾ ಕೂರಬೇಡಿ.

ಪ್ರಶ್ನೆ: ಮೀಸೆ ಇರುವ ಬೆಳ್ಳಿ ಬಣ್ಣದ ಮರಿ ಮಹಸೀರ್ ತಾನೇ? (ಬಾಳೆಹೊನ್ನೂರು)

ಉತ್ತರ: ಅದೊಂದೇ ಗುರುತು ಸಾಲದು. ಪಕ್ಕೆ ಅನ್ನುವ ಸಣ್ಣ ಹೊಳೆಮೀನುಗಳಲ್ಲೂ ಎಷ್ಟೋ ಜಾತಿಗೆ ಮೀಸೆ ಇದೆ.

ಪ್ರಶ್ನೆ: ಜೀವಂತ ಸಣ್ಣ ಮೀನು ನುಂಗಿದರೆ ಉಬ್ಬಸ ಹೋಗುತ್ತದಾ? (ಬೇಲೂರು)

ಉತ್ತರ: ಇಲ್ಲ. ಇನ್‌ಹೇಲರ್ ಬಿಡಿ ಅನ್ನುವವರನ್ನು ಮನೆಗೇ ಸೇರಿಸಬೇಡಿ.

ಪ್ರಶ್ನೆ: ಮೈಯೆಲ್ಲ ಗಟ್ಟಿ ಕವಚ, ಕೆಳಗೆ ದುಂಡು ಬಾಯಿ. ಯಾವುದು? (ಹಾಸನ)

ಉತ್ತರ: ಅಕ್ವೇರಿಯಂನಿಂದ ಯಾರೋ ತಂದು ಸುರಿದ ಸಕ್ಕರ್ ಮೀನು. ದಕ್ಷಿಣ ಅಮೆರಿಕದ್ದು. ಇದೊಂದನ್ನು ಮಾತ್ರ ನೀರಿಗೆ ವಾಪಸ್ ಬಿಡಬೇಡಿ.